ದನಕ್ಕೆ ಸಾಕು ಅಂದ ಬೇಲಿ

ಎರಡನೇ ಬೇಲಿಗೆ ಒಂದು ಲಕ್ಷದ ಎಂಬತ್ತಾರು ಸಾವಿರ ಬಿತ್ತು. ಕಬ್ಬಿಣ, ಕೂಲಿ, ಗಾಡಿ ಬಾಡಿಗೆ, ಬಣ್ಣ ಎಲ್ಲ ಸೇರಿ. ಬೇಲಿ ಸುತ್ತಿರುವ ಜಾಗ ನನ್ನದಲ್ಲ, ಒಳಗಿನ ನೀರೂ ನನ್ನದಲ್ಲ. ಅದು ತುಮಕೂರಿನ ಊರ್ಡಿಗೆರೆ ರಸ್ತೆಯ ಕಡೆ ಎದ್ದಿರುವ ಒಂದು ಹೊಸ ಬಡಾವಣೆಯ ಮಳೆನೀರಿನ ಹೊಂಡ. ಬಡಾವಣೆಯ ರಸ್ತೆಗಳ ಮೇಲೆ ಬಿದ್ದ ಮಳೆಯೆಲ್ಲ ಮೋರಿಯಲ್ಲಿ ಹರಿದು ಬಂದು ಆ ತಗ್ಗಿನ ಮೂಲೆಯಲ್ಲಿ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಆಚೆಯ ಹಳ್ಳಕ್ಕೆ ಇಳಿಯುತ್ತದೆ. ಹೊಂಡ ಇಲ್ಲದಿದ್ದರೆ ಕೆಳಗಿನ ಸಾಲಿನ ಮನೆಗಳಿಗೆ ನೀರು ನುಗ್ಗುತ್ತದೆ. ಹೊಂಡ ಇದ್ದರೆ ಅದರ ಸುತ್ತ ಬೇಲಿ ಇರಬೇಕು.

ಮೊದಲನೇ ಬೇಲಿಯನ್ನು ಹಾಕಿಸಿದವಳೂ ನಾನೇ. ಇಪ್ಪತ್ತಾರು ಸಾವಿರಕ್ಕೆ ಮಾರಿ, ಒಳ್ಳೆಯ ಲಾಭ ನೋಡಿಕೊಂಡು, ಆ ದಿನ ಮನೆಗೆ ಮೈಸೂರುಪಾಕು ಕಟ್ಟಿಸಿಕೊಂಡು ಹೋಗಿದ್ದೆ. ಎರಡನೆಯದನ್ನು ಯಾರೂ ಕೇಳಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ. ಕೈಯಿಂದ ಹಾಕಿ ಹಾಕಿಸಿದೆ. ಕಾರಣ ನನ್ನ ಮೊಮ್ಮಗಳು. ಅವಳಿಗೆ ಈಗ ಐದು ವರ್ಷ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ನೀರು ಕಂಡರೆ ನಿಲ್ಲುವುದಿಲ್ಲ.

ನನ್ನ ಕಸುಬು ಹೇಳಿಬಿಡುತ್ತೇನೆ. ಗುಬ್ಬಿ ರಸ್ತೆಯಲ್ಲಿ ಕಲ್ಲುಕಂಬ, ಮುಳ್ಳುತಂತಿ, ಜಾಲರಿ ಮಾರುತ್ತೇನೆ. ಬೇಕೆಂದರೆ ನಮ್ಮ ಆಳುಗಳೇ ಬಂದು ಬೇಲಿ ಕಟ್ಟಿಕೊಟ್ಟು ಬರುತ್ತಾರೆ. ಹುಟ್ಟಿದ್ದು ಚೇಳೂರು ಕಡೆ, ಓದಿದ್ದು ಏಳನೇ ಕ್ಲಾಸು. ಯಜಮಾನರು ಲಾರಿಯಲ್ಲಿ ಕಲ್ಲುಕಂಬ ಸಾಗಿಸುತ್ತಿದ್ದರು. ಅವರು ಸೊಂಟ ಹಿಡಿದು ಮನೆ ಸೇರಿದ ಮೇಲೆ ಲಾರಿ ಮಾರಿ, ಬಂದ ಹಣದಲ್ಲಿ ಕಂಬ ತಂದು ರಸ್ತೆ ಬದಿ ಒರಗಿಸಿಕೊಂಡು ಕೂತೆ. ಮೊದಲ ವರ್ಷ ಬಂದವರೆಲ್ಲ, "ಗಂಡಸ್ರು ಯಾರೂ ಇಲ್ವೇನಮ್ಮ, ರೇಟು ಮಾತಾಡ್ಬೇಕಿತ್ತು" ಅನ್ನೋರು. "ನನ್ ಹತ್ರ ಮಾತಾಡಿ. ಗಂಡಸ್ರ ಹತ್ರ ಮಾತಾಡಿದ್ರೆ ನಿಮ್ಗೆ ಇನ್ನೂ ಸಸ್ತಾ ಆಗ್ಬಿಡ್ತದೆ, ನಂಗೆ ಲುಕ್ಸಾನು" ಅನ್ನುತ್ತಿದ್ದೆ. ನಗುತ್ತಿದ್ದರು. ನಕ್ಕವನು ಬರಿಗೈಯಲ್ಲಿ ಹೋಗುವುದಿಲ್ಲ. ಇದು ವ್ಯಾಪಾರದ ಮೊದಲ ಪಾಠ.

ನಮ್ಮ ಕಸುಬಿನಲ್ಲಿ ಗಿರಾಕಿ ಬಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. "ದನಕ್ಕೋ, ಮೇಕೆಗೋ, ಹಂದಿಗೋ?" ರೇಟು ನಿಂತಿರುವುದೇ ಅದರ ಮೇಲೆ. ದನಕ್ಕಾದರೆ ಹತ್ತಡಿಗೊಂದು ಕಂಬ, ಐದು ಸಾಲು ಮುಳ್ಳುತಂತಿ. ಕೆಳಗಿನ ಸಾಲು ನೆಲದಿಂದ ಒಂದೂಕಾಲು ಅಡಿ ಮೇಲಿದ್ದರೂ ಚಿಂತೆಯಿಲ್ಲ, ದನ ಮೊಣಕಾಲೂರಿ ನುಸುಳುವುದಿಲ್ಲ. ಮೇಕೆಗಾದರೆ ಜಾಲರಿ ಬೇಕು. ಹಂದಿಗಾದರೆ ಜಾಲರಿಯ ಬುಡವನ್ನು ಒಂದಡಿ ಮಣ್ಣಲ್ಲಿ ಹೂಳಬೇಕು, ಅದು ಎಲ್ಲಕ್ಕಿಂತ ದುಬಾರಿ. ಇಷ್ಟು ವರ್ಷ ಬೇಲಿ ಮಾರಿದ್ದೇನೆ, ತೋಟಕ್ಕೆ, ರಾಗಿ ಹೊಲಕ್ಕೆ, ಸೈಟಿಗೆ, ಶಾಲೆ ಮೈದಾನಕ್ಕೆ ಕೂಡ. ನಾಲ್ಕನೆಯ ಪ್ರಾಣಿಯೊಂದು ಇದೆ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ.

ಬಡಾವಣೆ ಮಾಡಿದ ಧಣಿ ಮೂರು ವರ್ಷದ ಹಿಂದೆ ಕಾರು ನಿಲ್ಲಿಸಿ ಇಳಿದಾಗಲೂ ಅದನ್ನೇ ಕೇಳಿದೆ.

"ಒಂದು ಗುಂಡಿಗೆ ಬೇಲಿ ಆಗ್ಬೇಕಲ್ಲಮ್ಮ" ಅಂದರು.

"ದನಕ್ಕೋ, ಮೇಕೆಗೋ, ಹಂದಿಗೋ ಯಜಮಾನ್ರೇ?"

"ಫೋಟೋಕ್ಕೆ ಕಣಮ್ಮ" ಅಂದು ನಕ್ಕರು. "ಬೇಲಿ ಇಲ್ದೆ ಅಪ್ರೂವಲ್ ಕೊಡಲ್ವಂತೆ. ದನಕ್ಕೆ ಹಾಕ್ಬುಡು, ಸಾಕು. ಅಲ್ಲಿಗೆ ಯಾವ ಹಂದಿ ಬತ್ತದೆ?"

ಅವರ ಕೈಯಲ್ಲಿ ಒಂದು ನಕ್ಷೆ ಇತ್ತು. ಹೊಂಡದ ಸುತ್ತ ಗೆರೆ ಎಳೆದು "ಸುರಕ್ಷತಾ ತಡೆ" ಅಂತ ಬರೆದಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಎರಡು ಸಾಲು. ಕನ್ನಡಕ ಒಳಗಿತ್ತು, ಎದ್ದು ಹೋಗಲಿಲ್ಲ.

"ತಡೆ ಅಂತವ್ರೆ, ಬೇಲಿ ಅಂದಿಲ್ಲ" ಅಂದೆ.

"ಎರಡೂ ಒಂದೇ ತಗಳಮ್ಮ."

ಒಂದೇ ಅಂದುಕೊಂಡೆ. ಅಂದುಕೊಳ್ಳುವುದು ನನಗೂ ಅನುಕೂಲವಾಗಿತ್ತು. ಜಾಸ್ತಿ ಮಾತಾಡಿದರೆ ಈ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ರಸ್ತೆಗೆ ಕಾಣುವ ಒಂದು ಮಗ್ಗುಲಿಗೆ ಜಾಲರಿ, ಉಳಿದ ಮೂರು ಮಗ್ಗುಲಿಗೆ ತಂತಿ ಅಂತ ಒಪ್ಪಂದವಾಯಿತು. ಮೋರಿ ಬಂದು ಹೊಂಡಕ್ಕೆ ಸೇರುವ ಕಡೆ ಮೂರಡಿ ಅಗಲ ಹಾಗೇ ಬಿಟ್ಟೆವು. ನೀರು ಬರಬೇಕಲ್ಲ. ಹೂಳು ತೆಗೆಯುವವರು ಇಳಿಯಲು ಒಂದು ಗೇಟು, ಗೇಟಿಗೆ ಬೀಗ, ಬೀಗದ ಕೈ ಧಣಿಯ ಮೇಸ್ತ್ರಿಯ ಹತ್ತಿರ. ಫೋಟೋ ರಸ್ತೆ ಕಡೆಯಿಂದ ತೆಗೆದರು. ಚೆನ್ನಾಗಿ ಬಂತು.

ಆಮೇಲೆ ನಾನು ಮಾಡಿದ್ದು ಇನ್ನೊಂದು ಜಾಣತನ. ಮಗಳು ಅಳಿಯ ಸದಾಶಿವನಗರದಲ್ಲಿ ಬಾಡಿಗೆಗಿದ್ದರು, ಸೈಟು ಹುಡುಕುತ್ತಿದ್ದರು. ಹೊಂಡದ ಪಕ್ಕದ ಮೂಲೆ ಸೈಟು ಯಾರಿಗೂ ಬೇಡವಾಗಿ ಉಳಿದಿತ್ತು. ಬೇಡದ ಮಾಲು ಎಲ್ಲಿದೆಯೋ ಅಲ್ಲಿ ನಾನಿರುತ್ತೇನೆ. ಧಣಿಯ ಎದುರು ಕೂತು ಒಂದು ಗಂಟೆ ಮಾತಾಡಿದೆ. "ಸೊಳ್ಳೆ. ವಾಸನೆ. ಮಳೆ ಬಂದ್ರೆ ಕಪ್ಪೆ ವಟಗುಟ್ಟದು ಬೇರೆ. ಗುಂಡಿ ಪಕ್ಕ ಯಾರ್ ಬತ್ತಾರೆ ಯಜಮಾನ್ರೇ, ನಾನಾಗಿದ್ದಕ್ಕೆ ಕೇಳ್ತಿದೀನಿ" ಅಂದೆ. ಅಡಿಗೆ ಇಷ್ಟು ಅಂತ ಇಳಿಸಿ, ಇಳಿಸಿದ ಮೇಲೂ ಇನ್ನೊಂದಿಷ್ಟು ಇಳಿಸಿದೆ. ಅಳಿಯ ಹೊರಗೆ ಬಂದು, "ಅತ್ತೆ, ನೀವು ಲಾಯರ್ ಆಗ್ಬೇಕಿತ್ತು" ಅಂದ. ನಾನು ಸೆರಗು ಸರಿಮಾಡಿಕೊಂಡೆ. ಸೊಳ್ಳೆ ಅಂದೆ, ವಾಸನೆ ಅಂದೆ, ಕಪ್ಪೆ ಅಂದೆ. ನೀರು ಅಂತ ಮಾತ್ರ ಅನ್ನಲಿಲ್ಲ. ಆಗ ಮಗುವಿಗೆ ಎರಡು ವರ್ಷ, ಮಾತು ತಡ ಅಂತಷ್ಟೇ ಅಂದುಕೊಂಡಿದ್ದೆವು.

ಮನೆ ಕಟ್ಟಿ ಮುಗಿಯುವಷ್ಟರಲ್ಲಿ ಗೊತ್ತಾಯಿತು. ಡಾಕ್ಟರು ಅದಕ್ಕೆ ಆಟಿಸಂ ಅಂದರು. ಮಗಳು ಅತ್ತಳು. ನಾನು ಡಾಕ್ಟರ ಹತ್ತಿರವೂ ಚೌಕಾಸಿಗೆ ಕೂತೆ. ನಾಲ್ಕಕ್ಕೆ ಸರಿಹೋಗತ್ತಾ, ಆರಕ್ಕೆ ಸರಿಹೋಗತ್ತಾ ಅಂತ. ಆಕೆ ಬೇಸರ ಮಾಡಿಕೊಳ್ಳದೆ ಒಂದು ಮಾತು ಹೇಳಿದರು. "ಅಮ್ಮ, ಇಂಥ ಮಕ್ಕಳಲ್ಲಿ ತುಂಬ ಜನಕ್ಕೆ ನೀರಿನ ಸೆಳೆತ ಇರತ್ತೆ. ಭಯ ಇರಲ್ಲ. ಮನೆ ಹತ್ರ ಬಾವಿ, ಸಂಪು, ಕೆರೆ ಏನಾದ್ರೂ ಇದ್ರೆ ಹುಷಾರು."

ಮಗಳು ನನ್ನ ಮುಖ ನೋಡಿದಳು. ಸೈಟು ಕೊಡಿಸಿದ್ದು ನೀನೇ ಅಂತ ಅವಳು ಇವತ್ತಿಗೂ ಅಂದಿಲ್ಲ.

ಗೃಹಪ್ರವೇಶವಾದ ಮೇಲಿನ ಮೊದಲ ಮಳೆಗಾಲ. ರಾತ್ರಿಯೆಲ್ಲ ಸುರಿದು ಬೆಳಗ್ಗೆ ಬಿಸಿಲು ಬಿದ್ದಿತ್ತು. ಭಾನುವಾರ, ನಾನು ಮಗಳ ಮನೆಯಲ್ಲಿದ್ದೆ. ಗ್ಯಾಸ್ ಸಿಲಿಂಡರ್ ತಂದವನು ಒಳಗೆ ಬಂದು, ಹೊರಗೆ ಹೋಗುವಾಗ ಮುಂಬಾಗಿಲ ಚಿಲಕ ಬಿಟ್ಟುಹೋಗಿದ್ದ. ಅಡುಗೆಮನೆಯಿಂದ ಈಚೆ ಬಂದ ಮಗಳು, "ಅಮ್ಮಾ, ಪಾಪು ನಿನ್ ಹತ್ರ ಐತಾ?" ಅಂದಳು. ನನ್ನ ಹತ್ತಿರ ಇರಲಿಲ್ಲ.

ರೂಮು, ಬಚ್ಚಲು, ಮಹಡಿ ಮೆಟ್ಟಿಲು ಯಾವುದನ್ನೂ ನಾನು ಹುಡುಕಲಿಲ್ಲ. ಸೀದಾ ಹೊಂಡದ ಕಡೆ ಓಡಿದೆ. ಬೇಲಿಯ ಒಳಗೆ ಇದ್ದಳು. ಕೆಳಗಿನ ತಂತಿಯ ಅಡಿಯಲ್ಲಿ ನುಸುಳಿದ್ದಳು. ಫ್ರಾಕಿನ ಒಂದು ಎಳೆ ಕೂಡ ತಂತಿಗೆ ಸಿಕ್ಕಿರಲಿಲ್ಲ, ಅಷ್ಟು ಸಲೀಸು. ಕಲ್ಲು ಹಾಸಿದ ಇಳಿಜಾರಿನಲ್ಲಿ ಕಣಕಾಲು ಮುಳುಗುವಷ್ಟು ನೀರಲ್ಲಿ ನಿಂತು ಎರಡೂ ಕೈ ಕುಣಿಸುತ್ತಿದ್ದಳು. ಬಿಸಿಲು ನೀರಿನ ಮೇಲೆ ಹೊಳೆಯುತ್ತಿತ್ತು. ಅದು ಅವಳಿಗೆ ಬಲು ಇಷ್ಟ. ಅವಳ ಮುಂದೆ ಇನ್ನೆರಡು ಹೆಜ್ಜೆಗೆ ನನ್ನ ಎತ್ತರದ ನೀರು.

ಕರೆದೆ. ತಿರುಗಲಿಲ್ಲ. ಗೇಟಿಗೆ ಹೋದರೆ ಬೀಗ. ಮೇಸ್ತ್ರಿ ಇದ್ದದ್ದು ಗುಬ್ಬಿಯಲ್ಲಿ. ಮಗು ನುಸುಳಿದ ಸಂದಿಯಲ್ಲಿ ನಾನು ನುಸುಳಲು ಹೋದೆ. ನನ್ನದೇ ತಂತಿ, ನಾನೇ ಆರಿಸಿ ತಂದ ಒಳ್ಳೆ ಮುಳ್ಳಿನ ತಂತಿ, ಸೀರೆಯನ್ನೂ ರಟ್ಟೆಯನ್ನೂ ಹಿಡಿದುಕೊಂಡಿತು. ಐದು ವರ್ಷದೊಳಗಿನ ಮಗುವನ್ನು ಒಳಗೆ ಬಿಟ್ಟ ಬೇಲಿ ಅದನ್ನು ಎತ್ತಿಕೊಳ್ಳಲು ಬಂದವಳನ್ನು ಬಿಡಲಿಲ್ಲ. ಮಗಳು ಹಿಂದೆ ಓಡಿ ಬರುತ್ತಾ ಕಿರುಚುತ್ತಿದ್ದಳು. ಆ ಕಿರುಚಾಟಕ್ಕೂ ಮಗು ತಿರುಗಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಇಟ್ಟಿತು.

ನನ್ನ ಸೊಂಟದಲ್ಲಿ ಯಾವಾಗಲೂ ಅಳತೆ ಟೇಪು ಇರುತ್ತದೆ. ಅದನ್ನು ಎಳೆದು ಬಿಟ್ಟರೆ ಸರ್ರಂತ ಒಳಗೆ ಹೋಗಿ ಟಪ್ ಅನ್ನುವುದು ಅವಳಿಗೆ ಆಟ. ಅದು ಹೇಗೆ ನೆನಪಾಯಿತೋ ಗೊತ್ತಿಲ್ಲ, ಬಿದ್ದಲ್ಲೇ ಟೇಪು ಎಳೆದು ಬಿಟ್ಟೆ. ಸರ್, ಟಪ್. ಮತ್ತೆ ಎಳೆದೆ. ತಿರುಗಿದಳು. ಟೇಪನ್ನು ನೋಡಿದಳು, ನನ್ನನ್ನಲ್ಲ. ಒಂದು ಹೆಜ್ಜೆ ಹಿಂದೆ ಬಂದಳು. ಎಷ್ಟು ಸಲ ಎಳೆದೆನೋ. ಅಷ್ಟರಲ್ಲಿ ಮಗಳು ಮೋರಿಯ ಬಾಯಿಯ ಕಡೆಯಿಂದ, ನಾವು ನೀರಿಗಾಗಿ ಬಿಟ್ಟಿದ್ದ ಆ ಮೂರಡಿ ಜಾಗದಿಂದ ಇಳಿದು ಅವಳ ಕೈ ಹಿಡಿದುಕೊಂಡಳು.

ರಟ್ಟೆಗೆ ಏಳು ಹೊಲಿಗೆ ಬಿತ್ತು. ಹೊಲಿಗೆ ಹಾಕುತ್ತಿದ್ದ ನರ್ಸಮ್ಮ, "ಯಾವ್ ತಂತಿನಮ್ಮ ಇದು, ಇಷ್ಟ್ ಆಳ ಹೋಗೈತೆ" ಅಂದಳು.

ಮಾರನೇ ದಿನದಿಂದ ಓಡಾಟ ಶುರುವಾಯಿತು. ಧಣಿ, "ಬಡಾವಣೆ ಹ್ಯಾಂಡೋವರ್ ಆಗೋಯ್ತಲ್ಲಮ್ಮ, ಇನ್ನು ಗುಂಡಿ ನಂದಲ್ಲ" ಅಂದರು. ಪಾಲಿಕೆ ಕಚೇರಿಗೆ ಹೋದರೆ, "ಹ್ಯಾಂಡೋವರ್ ಪೇಪರ್ ಇನ್ನೂ ಬಂದಿಲ್ಲ, ಅದು ಅವ್ರದ್ದೇ" ಅಂದರು. ಮೂರು ಸಲ ಆ ಕಡೆ, ಮೂರು ಸಲ ಈ ಕಡೆ ತಿರುಗಿದೆ. ಮಳೆ ಯಾರ ಪೇಪರಿಗೂ ಕಾಯಲಿಲ್ಲ. ಮಗಳು ಬಾಗಿಲಿಗೆ ಮೂರು ಚಿಲಕ ಹಾಕಿಸಿದಳು. ಮೊಮ್ಮಗಳು ಎರಡನ್ನು ಒಂದೇ ವಾರದಲ್ಲಿ ಕಲಿತಳು. ಮೂರನೆಯದಕ್ಕೆ ಸ್ಟೂಲು ಎಳೆಯುವ ಸದ್ದು ಕೇಳಿಸಿತು.

ಕೊನೆಗೆ ಬಡಾವಣೆಯವರನ್ನೇ ಕೇಳೋಣ ಅಂತ ಅಳಿಯ ಎಲ್ಲರನ್ನೂ ಪಾರ್ಕಿನಲ್ಲಿ ಸೇರಿಸಿದ. ಮನೆಗಿಷ್ಟು ಅಂತ ಹಾಕಿದರೆ ಸರಿಯಾದ ಬೇಲಿ ಆಗುತ್ತದೆ ಅಂತ ನನ್ನ ಲೆಕ್ಕ. ಜೀವನವೆಲ್ಲ ಮಾತಿನಲ್ಲೇ ಉಂಡವಳು ನಾನು, ಇಷ್ಟು ಜನರನ್ನು ಒಪ್ಪಿಸುವುದು ದೊಡ್ಡದಲ್ಲ ಅಂದುಕೊಂಡು ಎದ್ದು ನಿಂತೆ. ಆದರೆ ವ್ಯಾಪಾರದಲ್ಲಿ ಒಂದು ಮಾತಿದೆ: ಬೇಕು ಅನ್ನುವುದು ಮುಖದಲ್ಲಿ ಕಂಡರೆ ಮುಗಿಯಿತು. ನನ್ನ ಮುಖದಲ್ಲಿ ಕಂಡಿತು.

"ಬೇಲಿ ಐತಲ್ಲಮ್ಮ, ನೀವೇ ಹಾಕ್ಸಿದ್ದಂತೆ!" ಅಂದ ಒಬ್ಬ. ನಗು ಬಿತ್ತು.

"ಹೌದು, ನಾನೇ ಹಾಕ್ಸಿದ್ದು. ಅದು ದನಕ್ಕೆ" ಅಂದೆ.

"ಕಂಬಿ ಕಂಬಿ ಹಾಕಿದ್ರೆ ಜೈಲಿನ ಥರ ಕಾಣ್ತದೆ. ಸೈಟ್ ರೇಟು ಬಿದ್ದೋಗ್ತದೆ" ಅಂದರು ಇನ್ನೊಬ್ಬರು.

"ಗಣೇಶನ್ನ ಎಲ್ಲಿ ಬುಡಾಣ ಹಂಗಾದ್ರೆ?" ಇದು ಹಿಂದಿನ ಸಾಲಿನಿಂದ. ಹೋದ ವರ್ಷ ಅವರು ಹೊಂಡದಲ್ಲೇ ಗಣೇಶನನ್ನು ಬಿಟ್ಟಿದ್ದರು. ಅದಕ್ಕಾಗಿ ಮೇಲಿನ ಎರಡು ತಂತಿ ಕತ್ತರಿಸಿ ಹಾಗೇ ಬಿಟ್ಟಿದ್ದರು.

"ಗೇಟ್ ಇರ್ತದಣ್ಣ, ಗೇಟಲ್ಲಿ ಬುಡಿ" ಅಂದೆ.

ಆಗ ಎದುರು ಮನೆಯ ಹೆಂಗಸು, ಕೆಟ್ಟವಳಲ್ಲ, ನಮಗೆ ದಿನಾ ಕರಿಬೇವು ಕೊಡುವವಳು, ತಣ್ಣಗೆ ಹೇಳಿದಳು. "ಆಂಟಿ, ನಮ್ ಮಕ್ಳಿಗೆ ಹೋಗ್ಬೇಡ ಅಂದ್ರೆ ಹೋಗಲ್ಲ. ನಿಮ್ ಒಂದು ಮಗುವಿಗೋಸ್ಕರ ಎಲ್ಲಾರೂ ದುಡ್ಡು ಹಾಕಿ ಅಂದ್ರೆ ಹೆಂಗೆ? ನೀವೇ ಸ್ವಲ್ಪ ಕಟ್ಟಾಕಿ ನೋಡ್ಕಳಿ."

ಕಟ್ಟಾಕಿ. ದನಕ್ಕೆ ಹೇಳುವ ಮಾತು. ಮಗಳು ಎದ್ದು ಮನೆಗೆ ನಡೆದಳು. ನನಗೆ ಬೈಗುಳ ಬರುವುದಿಲ್ಲ ಅಂತಲ್ಲ. ಕಲ್ಲುಕಂಬದ ಅಂಗಡಿಯಲ್ಲಿ ಬರದಿದ್ದರೆ ನಡೆಯುವುದಿಲ್ಲ. ಆದರೆ ನಾಳೆ ಮಗು ಹೊರಗೆ ಓಡಿದರೆ ಕೂಗಿ ಹೇಳಬೇಕಾದವರು ಅವರೇ. ಅವರ ಮೇಲೆ ಬಾಯಿ ಮಾಡಿಕೊಂಡು ನಾನು ಯಾರನ್ನು ನಂಬಿ ಅಂಗಡಿಗೆ ಹೋಗಲಿ?

ಕೈಯಿಂದ ಹಾಕುವುದು ಅಂತ ತೀರ್ಮಾನವಾಯಿತು. ಆದರೆ ಏನು ಹಾಕುವುದು? ಮಗುವಿನ ಬೇಲಿ ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕೆರೆ ಕೆಲಸಗಳಲ್ಲಿ ಇದ್ದು ನಿವೃತ್ತರಾದ ಒಬ್ಬ ಎಂಜಿನಿಯರು ಕುಣಿಗಲ್‌ನಲ್ಲಿದ್ದಾರೆ. ಅವರ ತೆಂಗಿನ ತೋಟಕ್ಕೆ ಹಿಂದೆ ನಾನೇ ಬೇಲಿ ಕೊಟ್ಟಿದ್ದೆ. ಬಸ್ಸು ಹತ್ತಿ ಹೋದೆ. ಜಗಲಿಯ ಮೇಲೆ ಕೂರಿಸಿ, ಎಲ್ಲ ಕೇಳಿ, ಒಳಗಿಂದ ಒಂದು ಸುಲಿದ ತೆಂಗಿನಕಾಯಿ ತಂದು ನನ್ನ ಕೈಗಿಟ್ಟರು. ತಾಂಬೂಲ ಇಲ್ಲದೆ ಬರೀ ಕಾಯಿ ಯಾಕೆ ಕೊಡುತ್ತಿದ್ದಾರೆ ಅಂತ ನೋಡಿದೆ.

"ಈ ಕಾಯಿ ಎಲ್ಲಿ ತೂರ್ತದೋ ಅಲ್ಲಿ ಮಗು ತೂರ್ತದೆ. ತಲೆ ಹೋದ್ರೆ ಮೈ ಹೋದಂಗೆ. ಕಂಬಿ ಕಂಬಿ ಮಧ್ಯ ನಾಲ್ಕಿಂಚು ಮೇಲೆ ಬಿಡ್ಬೇಡ. ನೆಲಕ್ಕೂ ಬೇಲಿಗೂ ಮಧ್ಯ ಎರಡು ಬೆರಳು. ಮುಗೀತು."

"ಜಾಲರಿ ಹಾಕಿದ್ರೆ ಆಗಲ್ವಾ ಸಾರ್? ನಮ್ ಹತ್ರ ಸ್ಟಾಕ್ ಐತೆ."

"ನಿನ್ ಸ್ಟಾಕ್ ಖಾಲಿ ಮಾಡಕ್ ಬಂದಿದೀಯೋ, ಮಗು ಉಳಿಸ್ಕೊಳಕ್ ಬಂದಿದೀಯೋ?" ಅಂದರು. "ಜಾಲರಿ ಕಣ್ಣಿಗೆ ಕಾಲ್ಬೆರಳು ಸಿಗ್ತದೆ. ಅಡ್ಡ ತಂತಿ ಅಂದ್ರೆ ಏಣಿ ಇಟ್ಟಂಗೆ. ನಿಂತಿರೋ ಕಂಬಿ ಬೇಕು, ಅಡ್ಡ ಪಟ್ಟಿ ಒಂದು ತಲೆ ಕಡೆ, ಒಂದು ಬುಡದಲ್ಲಿ, ಮಧ್ಯ ಏನೂ ಇರಬಾರ್ದು. ಎತ್ತರ ನೆಲದ ಮೇಲೆ ಐದಡಿ. ನೀವು ಆರಡಿ ಕಂಬ ಅಂದು ಎರಡಡಿ ಹೂಳ್ತೀರಲ್ಲ, ಆ ಲೆಕ್ಕ ಬ್ಯಾಡ. ಗೇಟು ತಾನಾಗೇ ಮುಚ್ಕೋಬೇಕು, ಚಿಲಕ ನಿನ್ ಕೈಗೆ ಎಟುಕಬೇಕು, ಅವಳ್ ಕೈಗೆ ಎಟುಕಬಾರ್ದು."

"ಮೋರಿ ಬಾಯಿ?"

"ಅದೇ ಕಷ್ಟ. ಅಲ್ಲಿಗೆ ಕಂಬಿ ಹಾಕ್ಬೇಕು, ಆದ್ರೆ ನೆಟ್ಟಗೆ ನಿಲ್ಲಿಸ್ಬೇಡ. ಇಳಿಜಾರಾಗಿ, ಹಿಂದಕ್ ವಾಲಿದಂಗೆ ಉದ್ದಕ್ಕೆ ಮಾಡಿಸು. ಕಸ ಬಂದ್ರೆ ಮೇಲಕ್ಕೆ ಜರುಗ್ತದೆ, ಅಡಿಯಿಂದ ನೀರು ಹೋಗ್ತದೆ. ಒಂದು ಕಡೆ ಕೀಲು ಇರ್ಲಿ, ಎತ್ತಿ ಕಸ ತೆಗೆಯಕ್ಕೆ. ದುಡ್ಡು ಜಾಸ್ತಿ ಆಗ್ತದೆ. ಇದ್ರಲ್ಲಿ ಮಾತ್ರ ಉಳಿಸಕ್ ಹೋಗ್ಬೇಡ ಕಣಮ್ಮ."

ಕಾಯಿ ಚೀಲದಲ್ಲಿಟ್ಟುಕೊಂಡು ಬಂದೆ. ವೆಲ್ಡಿಂಗ್ ಶಾಪಿನಲ್ಲಿ ಮೊದಲ ತುಂಡು ತಯಾರಾದಾಗ ಕಂಬಿಗಳ ನಡುವೆ ಆ ಕಾಯಿ ಒತ್ತಿ ನೋಡಿದೆ. ಮೂರು ಕಡೆ ತೂರಿತು. "ಬಿಚ್ಚು" ಅಂದೆ. ವೆಲ್ಡರ್ ತಲೆ ಕೆರೆದುಕೊಂಡು, "ಅಕ್ಕ, ಪೂಜೆಗೆ ತಂದ್ರಾ ಅನ್ಕೊಂಡೆ" ಅಂದ. ಬಿಚ್ಚಿ ಮತ್ತೆ ಬೆಸೆದ. ಸುತ್ತ ಇನ್ನೂರ ನಲವತ್ತಡಿ. ಒಂದೊಂದು ಸಂದಿಗೂ ಕಾಯಿ ಹಿಡಿದೆ.

ಎಲ್ಲ ಸರಿಯಾಗಿ ಮಾಡಿದೆ. ಮೋರಿ ಬಾಯಿಯ ಹತ್ತಿರ ಬಂದಾಗ ಕೈಯಲ್ಲಿದ್ದ ದುಡ್ಡು ಮುಗಿದಿತ್ತು, ಮೋಡ ಕಪ್ಪಗೆ ನಿಂತಿತ್ತು. ವೆಲ್ಡರ್, ಇಳಿಜಾರು ಕಂಬಿಗೆ ಒಂಬತ್ತು ಸಾವಿರ, ನಾಲ್ಕು ದಿನ ಅಂದ. ನೆಟ್ಟಗಿನದಕ್ಕೆ ಎರಡೂವರೆ ಸಾವಿರ, ಸಂಜೆಗೆ ರೆಡಿ. ನಾಲ್ಕು ದಿನ ಅಂದರೆ ನಾಲ್ಕು ಮಳೆ. ಬೇಗ ಬೇಕು ಅಂತ ನಾನು ನೆಟ್ಟಗಿನದನ್ನು ಒಪ್ಪಿದೆ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕಾದರೆ, ಎರಡೂವರೆಯನ್ನು ಎರಡು ಸಾವಿರಕ್ಕೆ ಇಳಿಸಿದಾಗ ನನಗೆ ಒಳಗೊಳಗೆ ಸಮಾಧಾನವೂ ಆಯಿತು. ರೂಢಿ ಅಂಥದ್ದು.

ಹನ್ನೊಂದು ದಿನ ನಿಂತಿತು. ಆ ಹನ್ನೊಂದು ದಿನ ಮಗಳು ಅಡುಗೆ ಮಾಡುತ್ತಾ ರೇಡಿಯೋ ಹಾಕಿದ್ದು ನೆನಪಿದೆ. ಮೊಮ್ಮಗಳು ಒಂದು ಸಲ ಓಡಿ ಹೋದಳು. ಕಂಬಿ ಹಿಡಿದುಕೊಂಡು ನಿಂತು, ನೀರು ನೋಡಿ, ಕೈ ಕುಣಿಸಿ, ಅಲ್ಲೇ ನಿಂತಿದ್ದಳು. ಐದು ನಿಮಿಷವಾದ ಮೇಲೆ ನಾನು ಹೋಗಿ ಕರೆದುಕೊಂಡು ಬಂದೆ. ಓಡದೆ, ನಡೆದುಕೊಂಡು ಹೋದೆ. ಎಷ್ಟೋ ತಿಂಗಳ ಮೇಲೆ ನಡೆದುಕೊಂಡು ಹೋಗಿದ್ದು.

ಹನ್ನೆರಡನೇ ದಿನ ಮಧ್ಯಾಹ್ನ ಮೂರಕ್ಕೆ ಜೋರು ಮಳೆ ಬಂತು. ರಸ್ತೆಯ ಮೇಲಿದ್ದ ಪ್ಲಾಸ್ಟಿಕ್ ಕವರು, ತೆಂಗಿನ ಸಿಪ್ಪೆ, ಯಾರದೋ ಮನೆ ಕಟ್ಟುವ ಸಿಮೆಂಟ್ ಚೀಲ ಎಲ್ಲ ತೇಲಿ ಬಂದು ನನ್ನ ನೆಟ್ಟಗಿನ ಕಂಬಿಗೆ ಅಂಟಿಕೊಂಡವು. ಮೋರಿ ಕಟ್ಟಿತು. ನೀರು ಹೊಂಡಕ್ಕೆ ಹೋಗುವ ಬದಲು ಹಿಂದಕ್ಕೆ ತಿರುಗಿ ಕೆಳಗಿನ ಸಾಲಿನ ಮೂರು ಮನೆಗೆ ನುಗ್ಗಿತು. ಕರಿಬೇವಿನ ಮನೆಯೂ ಅದರಲ್ಲಿ ಒಂದು. ಗಂಡಸರು ಮಳೆಯಲ್ಲೇ ಹಾರೆ ತಂದರು. ನಾನು ಅಡ್ಡ ನಿಂತೆ.

"ಕಸ ತೆಗೀರಣ್ಣ, ಕಂಬಿ ಬುಡಿ. ನಿಮ್ ಕಾಲಿಗ್ ಬೀಳ್ತೀನಿ, ಕಂಬಿ ಬುಡಿ" ಅಂದೆ.

"ಅಮ್ಮ, ಪಕ್ಕಕ್ಕೆ ಬನ್ನಿ. ಮನೇಲಿ ಅಕ್ಕಿ ಮೂಟೆ ತೇಲ್ತಾ ಐತೆ."

"ಮಗು ಐತಣ್ಣ."

"ನಮ್ದೂ ಮನೆ ಐತಮ್ಮ!"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾರೆ ಹಾಕಿ ಮೂರು ಏಟಿಗೆ ಕಿತ್ತರು. ನೀರು ಭೋರಂತ ಒಳಗೆ ಹೋಯಿತು. ಇನ್ನೊಂದು ಕಂಬಿ ಹಾಕಲು ಈಗ ಅವರು ಬಿಡುವುದಿಲ್ಲ. ಇಳಿಜಾರಾಗಿ ಮಾಡಿಸುತ್ತೇನೆ, ಕೀಲು ಇರುತ್ತದೆ, ಕಸ ನಾನೇ ತೆಗೆಯುತ್ತೇನೆ ಅಂತ ಮನೆಮನೆಗೆ ಹೋಗಿ ಹೇಳಿದೆ. ಕರಿಬೇವಿನ ಮನೆಯವಳು ಬಾಗಿಲಲ್ಲೇ ನಿಂತು, "ಆಂಟಿ, ಮೊದಲ್ನೇ ಬೇಲೀನೂ ನಿಮ್ದೇ, ಎರಡ್ನೇದೂ ನಿಮ್ದೇ. ಮೂರನೇದು ಬೇಡ" ಅಂದಳು. ನನ್ನ ಮಾಲನ್ನು ಯಾರಾದರೂ ಬೇಡ ಅಂದದ್ದು ಅದೇ ಮೊದಲು.

ಮನೆ ಮಾರೋಣ ಅಂತ ಅಳಿಯ ಹೇಳಿದ. ಬಂದ ಗಿರಾಕಿ ಹೊಂಡ ನೋಡಿ, "ಸೊಳ್ಳೆ, ವಾಸನೆ" ಅಂತ ಶುರುಮಾಡಿದ. ಅವನ ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು. ಅವನು ಕೇಳಿದ ರೇಟಿಗೆ ಸಾಲ ತೀರುವುದಿಲ್ಲ, ಬೇರೆ ಮನೆ ಸಿಗುವುದಿಲ್ಲ.

ಈಗ ಸುತ್ತ ಇನ್ನೂರ ನಲವತ್ತಡಿ ಒಳ್ಳೆಯ ಬೇಲಿ ಇದೆ, ಮೂರಡಿ ಬಾಯಿ ತೆರೆದಿದೆ. ಅಂಗಡಿಯನ್ನು ಆಳಿನ ಕೈಗೆ ಬಿಟ್ಟು ಮಳೆಗಾಲ ಪೂರ್ತಿ ಇಲ್ಲಿಗೆ ಬಂದಿದ್ದೇನೆ. ಬೆಳಗ್ಗೆ ನಾನು, ಮಧ್ಯಾಹ್ನ ಮಗಳು, ಸಂಜೆ ಅಳಿಯ, ಮೋರಿ ಬಾಯಿಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಈ ಬರಹವನ್ನು ಅಲ್ಲಿ ಬರೆದಿಲ್ಲ. ಅಲ್ಲಿ ಬರೆಯುವುದಕ್ಕೆ ಆಗುವುದಿಲ್ಲ. ಮೊಮ್ಮಗಳು ಮೂರನೇ ಚಿಲಕವನ್ನೂ ಕಲಿತಿದ್ದಾಳೆ. ನಾಲ್ಕನೆಯದನ್ನು ಹಾಕಿಸಿದ್ದೇವೆ. ನನಗೆ ಐವತ್ತೆಂಟು. ಇನ್ನೆಷ್ಟು ಮಳೆಗಾಲ ಕೂರಬಲ್ಲೆ ಅಂತ ಲೆಕ್ಕ ಹಾಕುತ್ತೇನೆ, ಅವಳಿಗೆ ಬುದ್ಧಿ ಬರುವುದು ಎಷ್ಟನೇ ವರ್ಷಕ್ಕೆ ಅಂತ ಲೆಕ್ಕ ಹಾಕುತ್ತೇನೆ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ನಿಮಗೆ ಹೇಳುವುದು ಇಷ್ಟು. ಹೊಸ ಬಡಾವಣೆಯಲ್ಲಿ ಸೈಟು ನೋಡಲು ಬೇಸಗೆಯಲ್ಲಿ ಹೋಗಬೇಡಿ, ಆಗ ಹೊಂಡ ಒಣಗಿ ಮೈದಾನದ ಹಾಗೆ ಕಾಣುತ್ತದೆ. ಜೋರು ಮಳೆಯಾದ ಮಾರನೇ ದಿನ ಹೋಗಿ. ಬೇಲಿಯನ್ನು ರಸ್ತೆಯಿಂದ ನೋಡಿ ವಾಪಸು ಬರಬೇಡಿ, ಚಪ್ಪಲಿ ಕೆಸರಾದರೂ ಪರವಾಗಿಲ್ಲ, ಸುತ್ತು ಹಾಕಿ ಹಿಂದಿನ ಮಗ್ಗುಲು ನೋಡಿ. ಚೀಲದಲ್ಲಿ ಒಂದು ಸುಲಿದ ಕಾಯಿ ಇರಲಿ. ನೀರು ಒಳಗೆ ಬರುವ ಬಾಯಿ ಯಾವ ಕಡೆ ಅಂತ ಕೇಳಿ, ಅಲ್ಲಿ ಕಂಬಿ ಇದೆಯಾ, ಇಳಿಜಾರಾಗಿದೆಯಾ, ಮಳೆ ಬಂದಾಗ ಕಸ ತೆಗೆಯುವವರು ಯಾರು ಅಂತ ಹೆಸರು ಸಮೇತ ಕೇಳಿ. ಗೇಟಿನ ಬೀಗದ ಕೈ ಹತ್ತಿರದ ಎರಡು ಮನೆಯಲ್ಲಿ ಇರಲೇಬೇಕು. ಹಸ್ತಾಂತರದ ಪತ್ರದ ಪ್ರತಿ ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ಆ ಪತ್ರ ಇಲ್ಲದ ಹೊಂಡಕ್ಕೆ ಅಪ್ಪ ಅಮ್ಮ ಇಬ್ಬರೂ ಇರುವುದಿಲ್ಲ. ನಕ್ಷೆಯ ಸಣ್ಣಕ್ಷರ ಓದಿ, ಕನ್ನಡಕ ಒಳಗಿದ್ದರೆ ಎದ್ದು ಹೋಗಿ ತನ್ನಿ. ಬೇಲಿ ಮಾರುವವರು ನೀವಾಗಿದ್ದರೆ, ಗಿರಾಕಿಯನ್ನು ಕೇಳುವ ಪ್ರಶ್ನೆಗೆ ಮಗುವನ್ನೂ ಸೇರಿಸಿಕೊಳ್ಳಿ, ಅವನು ಪಕ್ಕದ ಅಂಗಡಿಗೆ ಹೋದರೆ ಹೋಗಲಿ. ಚೌಕಾಸಿ ಬೇಕಾದಷ್ಟು ಮಾಡಿ. ಬಣ್ಣದಲ್ಲಿ ಮಾಡಿ, ಗಾಡಿ ಬಾಡಿಗೆಯಲ್ಲಿ ಮಾಡಿ, ಕಂಬಿ ಲೆಕ್ಕದಲ್ಲಿ ಮಾಡಬೇಡಿ.

ಇದೆಲ್ಲ ತಪ್ಪಿಹೋಗಿ ನನ್ನ ಹಾಗೆ ನೀವೂ ಮೋರಿ ಬಾಯಿ ಕಾಯಲು ಕೂರಬೇಕಾಗಿ ಬಂದರೆ, ಕೊಡೆ ಬೇಡ, ಅದು ಕಣ್ಣಿಗೆ ಅಡ್ಡ ಬರುತ್ತದೆ, ರೇನ್‌ಕೋಟು ಹಾಕಿಕೊಳ್ಳಿ. ಫೋನು ಮನೆಯಲ್ಲಿ ಬಿಟ್ಟು ಸೀಟಿಯೊಂದನ್ನು ಕತ್ತಿಗೆ ಹಾಕಿಕೊಳ್ಳಿ. ಪಕ್ಕದಲ್ಲಿ ಉದ್ದನೆಯ ಗಳ, ಅದಕ್ಕೆ ಕಟ್ಟಿದ ಹಗ್ಗ ಇರಲಿ. ಮಾತಾಡಲು ಯಾರಾದರೂ ಬಂದರೆ ಮಾತಾಡಿ, ಆದರೆ ಅವರ ಕಡೆ ತಿರುಗಬೇಡಿ. ಸದ್ದು ಕೇಳಿದರೆ ಏಳೋಣ ಅಂತ ಕಾಯಬೇಡಿ. ಮುಳುಗುವ ಮಗು ಕೂಗುವುದಿಲ್ಲ. ನಿಮ್ಮ ಜಾಗಕ್ಕೆ ಇನ್ನೊಬ್ಬರು ಬಂದು ಕೂತ ಮೇಲೆ ಏಳಿ, ಬರುತ್ತಿದ್ದಾರೆ ಅಂತ ಏಳಬೇಡಿ.